ತೂಕಡಿಕೆ ಮೀಮಾಂಸೆ: ಮಧುಗಿರಿ ಸೀಮೆಯ ಕಲ್ಲುಕ್ವಾರಿಗಳನ್ನು ಕುರಿತ ಒಂದು ಮಹಾಪ್ರಬಂಧದ ಸಾರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ತಾಲ್ಲೂಕು ಚತುಷ್ಟಯವನ್ನು ಭೂಗೋಳ ಪಂಡಿತರು ಬಯಲುಸೀಮೆ ಎನ್ನುತ್ತಾರೆ. ಕ್ವಾರಿ ಪಂಡಿತರ ಪ್ರಕಾರ ಅದು ಇನ್ನೂ ಪುಡಿಯಾಗದ ಜಲ್ಲಿ. ಮಧುಗಿರಿಯ ಏಕಶಿಲಾ ಬೆಟ್ಟ ಉಳಿದುಕೊಂಡಿರುವುದು ಮೈಮೇಲೆ ಕೋಟೆ ಇರುವುದರಿಂದಲೇ ಎಂಬುದು ಪ್ರಸ್ತುತ ಪ್ರಬಂಧಕಾರನ ಮತ. ಕೋಟೆಯ ಭಾಗ್ಯವಿಲ್ಲದ ಗುಡ್ಡಗಳು ಕ್ರಷರ್ ಬಾಯಿಗೆ ಬಿದ್ದು, ಬೋಲ್ಡರ್, ಜಲ್ಲಿ, ಎಂ-ಸ್ಯಾಂಡ್ ಎಂಬ ಅವತಾರಗಳನ್ನು ತಾಳಿ, ಟಿಪ್ಪರ್ ಏರಿ ಪಟ್ಟಣದ ದಾರಿ ಹಿಡಿಯುತ್ತವೆ. ಈ ಮಹಾಯಜ್ಞಕ್ಕೆ ಇರುವುದು ಒಂದೇ ವಿಘ್ನ: ಕೆಲಸಗಾರನಿಗೆ ನಿದ್ದೆ ಬರುತ್ತದೆ.

ವಿಘ್ನನಿವಾರಣೆಗೆ ಆಸ್ಟ್ರೇಲಿಯಾದವರು ಎರಡು ಉಪಾಯ ಕಂಡುಹಿಡಿದಿದ್ದಾರೆ. ಮೊದಲನೆಯದು ಸ್ಟೇರಿಂಗ್ ಮುಂದೆ ಕೂರುವ ಕ್ಯಾಮೆರಾ. ಅದು ಚಾಲಕನ ರೆಪ್ಪೆಯನ್ನೇ ನೋಡುತ್ತಿರುತ್ತದೆ. ರೆಪ್ಪೆ ಮುಚ್ಚಿದ ಹೊತ್ತು ಮಿತಿ ಮೀರಿತೋ, ಕಿರುಚುತ್ತದೆ, ಸೀಟನ್ನು ನಡುಗಿಸುತ್ತದೆ, ದೂರದ ಕಚೇರಿಗೆ ಚಾಡಿ ಹೇಳುತ್ತದೆ. ಎರಡನೆಯದು ಸ್ಮಾರ್ಟ್‌ಕ್ಯಾಪ್. ತಲೆಗೆ ಸುತ್ತಿಕೊಳ್ಳುವ ಈ ಪಟ್ಟಿ ಮಿದುಳಿನ ವಿದ್ಯುತ್ತನ್ನೇ ಓದಿ, ಆಸಾಮಿ ಎಷ್ಟು ದಣಿದಿದ್ದಾನೆಂದು ಅಂಕ ಕೊಡುತ್ತದೆ. ನಮ್ಮಲ್ಲಿ ಇದೇ ಕೆಲಸವನ್ನು ಮೇಸ್ತ್ರಿ ಒಂದು ಸಣ್ಣ ಕಲ್ಲು ಬೀಸಿ, ಬ್ಯಾಟರಿಯ ಹಂಗಿಲ್ಲದೆ ಮಾಡಿ ಮುಗಿಸುತ್ತಾನೆ.

ಇಲ್ಲಿ ಪೂರ್ವಪಕ್ಷಿಗಳು ಎದ್ದು ನಿಲ್ಲುತ್ತಾರೆ. ಸ್ವದೇಶಿ ತಂತ್ರಜ್ಞಾನ ಇರುವಾಗ ಪರದೇಶದ್ದೇಕೆ? ಬೈಟು ಟೀ ಇದೆ, ಬೀಡಿ ಇದೆ, ಎಲೆಯಡಿಕೆಗೆ ಹೊಗೆಸೊಪ್ಪಿದೆ. ಗಳಿಗೆಗೊಮ್ಮೆ "ಅಣ್ಣೋ, ಎಚ್ರ ಇದ್ದೀಯಾ?" ಎಂದು ಕೇಳುವ ಕ್ಲೀನರ್ ಹುಡುಗನಿದ್ದಾನೆ, ಚಾಲಕನಿಗಿಂತ ಮೊದಲು ಅವನೇ ಒರಗುತ್ತಾನೆ ಎಂಬುದೊಂದೇ ಈ ಸಾಧನದ ದೋಷ. ಬಂಪರಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ಶನಿವಾರ ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಿದ್ದಾಗಿದೆ. ಸಿದ್ಧರಬೆಟ್ಟದ ಗಿಡಮೂಲಿಕೆಗಳಲ್ಲಿ ಹನ್ನೆರಡು ಗಂಟೆಯ ಪಾಳಿಗೆ ಮದ್ದು ಸಿಕ್ಕೀತೆಂಬ ಆಸೆಯನ್ನೂ ಕೊರಟಗೆರೆ ಪಕ್ಷದವರು ಬಿಟ್ಟಿಲ್ಲ. ಆದರೆ ಇವುಗಳಲ್ಲಿ ಯಾವುದಕ್ಕೂ ಡೇಟಾ ಇಲ್ಲವಾದ್ದರಿಂದ ಶಾಸ್ತ್ರ ಒಪ್ಪುವುದಿಲ್ಲ.

ಹಾಗಾದರೆ ಕ್ಯಾಮೆರಾ ಬರಲಿ. ಬಂದರೆ ಏನಾದೀತು? ಶಾಸ್ತ್ರೀಯ ಸೂತ್ರದಂತೆ, ಕಣ್ಣು ಶೇ 80ರಷ್ಟು ಅಥವಾ ಅದಕ್ಕೂ ಹೆಚ್ಚು ಮುಚ್ಚಿದ್ದ ಕಾಲವನ್ನು ಅಳೆದು ತೂಕಡಿಕೆಯನ್ನು ನಿರ್ಣಯಿಸಬೇಕು. ಕಲ್ಲಿನ ದೂಳಿನಲ್ಲಿ ಜಾಕ್‌ಹ್ಯಾಮರ್ ಹಿಡಿದು ಕುಳಿ ಹೊಡೆಯುವವನು ಕಣ್ಣು ಪೂರ್ತಿ ತೆರೆಯುವುದು ಸ್ನಾನ ಮಾಡಿದ ಮೇಲೆಯೇ. ಯಂತ್ರದ ಲೆಕ್ಕದಲ್ಲಿ ಅವನು ಕೆಲಸಕ್ಕೆ ಸೇರಿದ ದಿನದಿಂದಲೂ ಮಲಗಿದ್ದಾನೆ! ಇನ್ನು ಎರಡು ಮುದ್ದೆ, ಬಸ್ಸಾರು ಉಂಡೆದ್ದವನ ತಲೆಗೆ ಸ್ಮಾರ್ಟ್‌ಕ್ಯಾಪ್ ಕಟ್ಟಿದರೆ ಕ್ಯಾಪಿಗೇ ಜೊಂಪು ಹತ್ತುವ ಅಪಾಯವನ್ನು ವಿದ್ವಾಂಸರು ಅಲ್ಲಗಳೆಯಲಾರರು.

ಈ ವಿಚಾರದಲ್ಲಿ 2025ರವರೆಗೆ ಜಾರಿಯಲ್ಲಿದ್ದ ಪ್ರಾಚೀನ ಗ್ರಂಥವೊಂದಿತ್ತು: 1952ರ ಗಣಿ ಕಾಯ್ದೆ. ನೆಲದ ಮೇಲಿನ ಕೆಲಸ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು, 5 ಗಂಟೆ ದುಡಿದವನಿಗೆ ಅರ್ಧ ಗಂಟೆ ವಿಶ್ರಾಂತಿ ಕೊಡಬೇಕು ಎಂದು ಅದು ವಿಧಿಸಿತು. ಜೊತೆಗೇ ಒಂದು ವಿನಾಯಿತಿಯನ್ನೂ ಕೊಟ್ಟಿತು. ಕಟ್ಟಡದ ಕಲ್ಲು, ಜಲ್ಲಿ ತೆಗೆಯುವ ಗುಂಡಿ 6 ಮೀಟರಿಗಿಂತ ಆಳವಿಲ್ಲದಿದ್ದರೆ, 50ಕ್ಕಿಂತ ಹೆಚ್ಚು ಜನರಿಲ್ಲದಿದ್ದರೆ, ಸಿಡಿಮದ್ದು ಬಳಸದಿದ್ದರೆ ಈ ಗಂಟೆಗಳ ಕಟ್ಟು ಅದಕ್ಕಿರಲಿಲ್ಲ. ಮನುಷ್ಯನಿಗೆ ಆಯಾಸ ಶುರುವಾಗುವುದು ಏಳನೆಯ ಮೀಟರಿನಲ್ಲಿ, ಐವತ್ತೊಂದನೆಯವನು ಬಂದು ನಿಂತಾಗ ಎಂದು ಶಾಸನಕಾರರು ಪ್ರಯೋಗದಿಂದಲೇ ಕಂಡುಕೊಂಡಿರಬೇಕು.

ಅಣಕವನ್ನು ಒಂದು ಗಳಿಗೆ ಬದಿಗಿಡುವ ಸಂಗತಿ ಇಲ್ಲೊಂದಿದೆ. ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹಿಡಿತ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ ಮದ್ಯಸಾರ ಇರುವವನ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮ ಮೋಟಾರು ವಾಹನ ಕಾಯ್ದೆ 30 ದಾಟಿದರೇ ತಪ್ಪು ಎನ್ನುತ್ತದೆ. ಶಿರಾದ ಹೆದ್ದಾರಿಯಲ್ಲಿ ಪೊಲೀಸರು ಕುಡಿದವನನ್ನು ಊದಿಸಿ ಹಿಡಿಯಬಹುದು. ಎರಡು ರಾತ್ರಿ ನಿದ್ದೆಗೆಟ್ಟವನು ಎಷ್ಟೇ ಊದಿದರೂ ಸಭ್ಯಸ್ಥ.

ಈಗ ಸಿದ್ಧಾಂತ. ಪಾವಗಡದ ತಿರುಮಣಿ ಬಳಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಫಲಕಗಳು ದುಡಿಯುತ್ತಿವೆ. ಸೂರ್ಯ ಮುಳುಗಿದ ಕೂಡಲೇ ಕೆಲಸ ನಿಲ್ಲಿಸುತ್ತವೆ. ಅವುಗಳ ಮುಖಕ್ಕೆ ಯಾರೂ ಕ್ಯಾಮೆರಾ ಹಿಡಿದಿಲ್ಲ, ಯಾರೂ ಕಲ್ಲು ಬೀಸಿಲ್ಲ, ಬಾಟಾ ಕಡಿದಿಲ್ಲ. ಕಾರಣ ಸರಳ: ಫಲಕಕ್ಕೆ ಟ್ರಿಪ್ ಲೆಕ್ಕದಲ್ಲಿ ಕೂಲಿ ಇಲ್ಲ. ಟಿಪ್ಪರ್ ಚಾಲಕನಿಗೆ ಟ್ರಿಪ್ಪಿಗಿಷ್ಟು ಎಂದು ಗೊತ್ತುಮಾಡಿ, ಮಲಗಿದರೆ ಮಗಳ ಶಾಲೆಯ ಫೀಸು ಮುಳುಗುವಂತೆ ಏರ್ಪಾಡು ಮಾಡಿದ ಮೇಲೆ, ಅವನು ಕಣ್ಣು ಮುಚ್ಚಿದನೆಂದು ಕಿರುಚುವ ಯಂತ್ರ ಅವನನ್ನು ಎಬ್ಬಿಸಬಲ್ಲದೇ ಹೊರತು ಮಲಗಿಸಲಾರದು.

ಆದ್ದರಿಂದ ಕ್ವಾರಿ ಮಾಲೀಕ ಮಹಾಶಯರಲ್ಲಿ ವಿನಂತಿ. ಕ್ಯಾಮೆರಾ ಖಂಡಿತ ತನ್ನಿ, ಜೀವ ಉಳಿಸಿದರೆ ಒಳ್ಳೆಯದೇ. ಅದಕ್ಕೆ ಮೊದಲು ಟ್ರಿಪ್ ಲೆಕ್ಕ ಬಿಟ್ಟು ತಿಂಗಳ ಸಂಬಳ ಕೊಡಿ, ಮೂರನೇ ಪಾಳಿಗೆ ಮತ್ತೊಬ್ಬ ಚಾಲಕನನ್ನು ಇಡಿ, ಹುಣಸೆ ಮರದ ನೆರಳಿನಲ್ಲಿ ನಾಲ್ಕು ಮಂಚ ಹಾಕಿಸಿ.