ಖಾಯಂ ಸಭಿಕನ ಕಷ್ಟಸುಖ

ನಮ್ಮಲ್ಲಿ ಕಾಲೇಜುಗಳ ಕಾರ್ಯಕ್ರಮ ಶುರುವಾಗುವುದೂ ಮಳೆ ಹಿಡಿಯುವುದೂ ಒಟ್ಟೊಟ್ಟಿಗೆ. ಅಡ್ಮಿಷನ್ ಗಲಾಟೆ ಮುಗಿದು, ವಿದ್ಯಾರ್ಥಿ ಸಂಘ, ಎನ್ನೆಸ್ಸೆಸ್ಸು, ಸಾಹಿತ್ಯ ವೇದಿಕೆ ಅಂತ ಒಂದೊಂದೇ ಉದ್ಘಾಟನೆಯಾಗುವ ಹೊತ್ತಿಗೆ ಆಗುಂಬೆಯಲ್ಲೂ ಹುಲಿಕಲ್ಲಿನಲ್ಲೂ ಮಳೆ ಅಳೆಯುವವರಿಗೆ ಪುರುಸೊತ್ತಿರುವುದಿಲ್ಲ. ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಸುರಿಯುವ ಊರುಗಳವು. ಒಂದು ತೀರ್ಥಹಳ್ಳಿ ತಾಲ್ಲೂಕಿನದು, ಇನ್ನೊಂದು ಹೊಸನಗರದ್ದು. ನಮ್ಮಲ್ಲಿ ಅಷ್ಟೆಲ್ಲ ಇಲ್ಲಪ್ಪ ಅಂತ ಸಾಗರದವರು ಹೇಳುತ್ತಾರೆ, ಕೊಡೆ ಹಿಡಿದುಕೊಂಡೇ.

ಈ ಮೂರು ತಾಲ್ಲೂಕುಗಳಲ್ಲಿ ನಾನೊಬ್ಬ ಖಾಯಂ ಸಭಿಕ. ಇದಕ್ಕೆ ಯಾರೂ ನೇಮಕ ಮಾಡಿದ್ದಲ್ಲ. ತೋಟದ ಕೆಲಸ ಮಗನ ಕೈಗೆ ಹೋಗಿದೆ, ಕಿವಿ ಇನ್ನೂ ಕೇಳುತ್ತದೆ, ಬಸ್ಸು ಮನೆಯೆದುರೇ ನಿಲ್ಲುತ್ತದೆ. ಉಪನ್ಯಾಸ, ಕವಿಗೋಷ್ಠಿ, ಪುಸ್ತಕ ಬಿಡುಗಡೆ, ತಾಳಮದ್ದಲೆ, ಯಾವುದಾದರೂ ಆದೀತು. ನಾನು ಅಂಗಿ ಬದಲಾಯಿಸುವುದನ್ನು ಕಂಡರೆ ಮನೆಯವಳು ‘ಇವತ್ತೆಲ್ಲಿ?’ ಅಂತ ಕೇಳುವುದಿಲ್ಲ. ‘ಇವತ್ತು ಉಪ್ಪಿಟ್ಟೋ ಅವಲಕ್ಕಿಯೋ?’ ಅಂತ ಕೇಳುತ್ತಾಳೆ. ಎರಡರಲ್ಲಿ ಒಂದು ಇದ್ದೇ ಇರುತ್ತದೆ, ಅದರಲ್ಲಿ ಸುಳ್ಳೇನಿಲ್ಲ.

ಸಭಿಕನಾಗುವುದು ಸುಲಭ ಎಂದು ನೀವು ತಿಳಿದಿದ್ದರೆ, ಹೋದ ವರ್ಷ ಆಷಾಢದಲ್ಲಿ ನನಗಾದದ್ದನ್ನು ಕೇಳಿ. ಕಾಲೇಜಿನ ಹೆಸರು ಬೇಡ. ಉಪನ್ಯಾಸಕರು ಉಡುಪಿಯಿಂದ ಬರುವವರಿದ್ದರು. ಆಗುಂಬೆ ಘಾಟಿಯಲ್ಲಿ ಮರ ಬಿತ್ತು. ನಾನು ಹಿಂದಿನ ಸಾಲಿನಲ್ಲಿ, ಗೋಡೆಗೆ ಒರಗಲು ಬರುವ ಒಂದು ಕುರ್ಚಿಯಿದೆ, ಅದನ್ನು ಹಿಡಿದು ನೆಮ್ಮದಿಯಾಗಿ ಕೂತಿದ್ದೆ. ಸಂಚಾಲಕರು ಬಗ್ಗಿ ಕಿವಿಯ ಹತ್ತಿರ ಬಂದರು.

‘ಸಾರ್, ಸ್ವಲ್ಪ ಮೇಲೆ ಬರಬೇಕಲ್ಲ.’

‘ಮೇಲೆ ಅಂದ್ರೆ ಎಲ್ಲಿಗೆ ಮಾರಾಯ್ರೆ?’

‘ಸ್ಟೇಜಿಗೆ. ನೀವು ಬರೆಯೋರು, ನಾಲ್ಕು ಮಾತಾಡಿದ್ರೆ ಸಾಕು.’

ಊಟಕ್ಕೆ ಕೂತವನನ್ನೇ ಎಬ್ಬಿಸಿ ಬಡಿಸಲಿಕ್ಕೆ ನಿಲ್ಲಿಸಿದ ಹಾಗಾಯಿತು. ಪ್ಯಾಂಟು ಮೊಣಕಾಲಿನವರೆಗೆ ಮಡಚಿತ್ತು, ಕಾಲಲ್ಲಿ ಹವಾಯಿ ಚಪ್ಪಲಿ. ವೇದಿಕೆಯ ಮೇಜಿಗೆ ಹೊದೆಸಿದ ಬಟ್ಟೆ ನೆಲ ಮುಟ್ಟುವಷ್ಟು ಉದ್ದ ಇರುತ್ತದೆಂದು ನಂಬಿ ಹತ್ತಿದೆ. ಮಧ್ಯಕ್ಕೇ ನಿಂತಿತ್ತು.

ನಿರೂಪಣೆಗೆ ನಿಂತಿದ್ದ ಹುಡುಗಿ ಅತಿಥಿಗಳ ಪರಿಚಯವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ರಾತ್ರಿಯೆಲ್ಲ ಓದಿದ್ದನ್ನು ಒಂದು ಮರ ಬಿತ್ತೆಂದು ಬಿಟ್ಟುಕೊಡಲು ಆಗುತ್ತದೆಯೇ? ಎಂ.ಎ., ಪಿಎಚ್.ಡಿ., ಹನ್ನೆರಡು ಕೃತಿಗಳು, ವಿದೇಶ ಪ್ರವಾಸ, ಪ್ರಶಸ್ತಿಗಳು ಎಲ್ಲವನ್ನೂ ಸ್ಪಷ್ಟವಾಗಿ ಒಪ್ಪಿಸಿ, ಕೊನೆಗೆ ಉಸಿರು ತೆಗೆದುಕೊಂಡು, ‘ಇಂಥವರು ಇಂದು ಬಂದಿಲ್ಲ. ಅವರ ಬದಲಿಗೆ ಇವರು ಬಂದಿದ್ದಾರೆ’ ಎಂದು ನನ್ನತ್ತ ಕೈ ತೋರಿಸಿದಳು. ಚಪ್ಪಾಳೆ ಜೋರಾಗಿಯೇ ಬಿತ್ತು. ಯಾರಿಗೆ ಅಂತ ನಾನು ವಿಚಾರಿಸಲಿಲ್ಲ.

ಇಷ್ಟು ಕಾಲ ಕೆಳಗಿಂದ ನೋಡಿದ್ದನ್ನು ಮೇಲಿಂದ ನೋಡುವ ಅವಕಾಶ ಹಾಗೆ ಸಿಕ್ಕಿತು. ಮೊದಲು ನಾಡಗೀತೆ. ಕುವೆಂಪು ನಮ್ಮ ತೀರ್ಥಹಳ್ಳಿ ಕಡೆಯವರಾದ್ದರಿಂದ ಇಲ್ಲಿ ಎದ್ದು ನಿಲ್ಲುವವರಿಗೆ ಸ್ವಲ್ಪ ಹೆಚ್ಚಿನ ಬಿಗುಮಾನ. 2004ರಲ್ಲಿ ಅವರ ಕವಿತೆ ನಾಡಗೀತೆಯಾಯಿತು. ಎಷ್ಟು ಹೊತ್ತು ಹಾಡಬೇಕೆಂದು ವರ್ಷಗಟ್ಟಲೆ ಚರ್ಚೆಯಾಗಿ, 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡು ಎಂದು ಗೊತ್ತುಮಾಡಿತು. ಒಳ್ಳೆಯ ಕೆಲಸ. ಆದರೆ ಅದೇ ಉಸಿರಿನಲ್ಲಿ ಪ್ರಾಸ್ತಾವಿಕ ನುಡಿಗೂ ಒಂದು ಮಿತಿ ಹಾಕಬಾರದಿತ್ತೇ? ಸ್ವಾಗತ ಮಾಡುವವರು ಸ್ವಾಗತಿಸಿದವರನ್ನೇ ಪ್ರಾಸ್ತಾವಿಕದವರು ಮತ್ತೆ ಸ್ವಾಗತಿಸುತ್ತಾರೆ, ಉದ್ಘಾಟಕರು ಎಲ್ಲರ ಹೆಸರನ್ನು ಮತ್ತೊಂದು ಸುತ್ತು ಹೇಳುತ್ತಾರೆ, ವಂದನಾರ್ಪಣೆಯವರಂತೂ ಮೈಕಿನವನವರೆಗೂ ಹೋಗುತ್ತಾರೆ. ಉಪನ್ಯಾಸವೆಂಬುದು ಈ ಹೆಸರುಗಳ ನಡುವೆ ಎಲ್ಲೋ ಬಂದು ಹೋಗುತ್ತದೆ.

ಈಚೆಗೆ ಫೋಟೋದ ಶಾಸ್ತ್ರವೊಂದು ಸೇರಿದೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್‌ನವರಿಗೆ ಎಲ್ಲದಕ್ಕೂ ದಾಖಲೆ ಬೇಕು. ಬರೀ ಫೋಟೋ ಸಾಲದು, ಜಿಯೋಟ್ಯಾಗ್ ಆಗಿರಬೇಕು, ಅಂದರೆ ಅಕ್ಷಾಂಶ, ರೇಖಾಂಶ, ತಾರೀಖು ಮೂಲೆಯಲ್ಲಿ ಮೂಡಿರಬೇಕು. ಅಂದು ಉಪನ್ಯಾಸ ಶುರುವಾಗುವ ಮೊದಲೇ ಮೊಬೈಲು ಹಿಡಿದ ಮೇಷ್ಟ್ರೊಬ್ಬರು ಹಿಂದಿನ ಬೆಂಚಿನವರನ್ನೆಲ್ಲ ಮುಂದೆ ತಂದು ಕೂರಿಸಿ, ಒಂದು ತೆಗೆದು, ‘ಹಾಂ, ಆಯ್ತು’ ಎಂದರು. ಅಷ್ಟೂ ಜನ ಎದ್ದು ಮತ್ತೆ ಹಿಂದೆ ಹೋದರು. ಆ ಚಿತ್ರದಲ್ಲಿ ನನ್ನ ಎದುರು ಕಿಕ್ಕಿರಿದ ಸಭೆಯಿದೆ. ಹವಾಯಿ ಚಪ್ಪಲಿಯೂ ಅಕ್ಷಾಂಶ ರೇಖಾಂಶ ಸಮೇತ ಇದೆ.

ನಾನೇನು ಮಾತಾಡಿದೆ ಎನ್ನುತ್ತೀರಾ? ಬಾಯಿ ತೆರೆದದ್ದೇ ತಡ, ಶೀಟಿನ ಮಾಡಿನ ಮೇಲೆ ಮಳೆ ಹೊಯ್ಯತೊಡಗಿತು. ನಮ್ಮ ಮಳೆಗೂ ಮೈಕಿಗೂ ಸ್ಪರ್ಧೆ ಹತ್ತಿದರೆ ಗೆಲ್ಲುವುದು ಯಾರೆಂದು ಎಲ್ಲರಿಗೂ ಗೊತ್ತು. ನಾನು ಬಾಯಿ ಆಡಿಸಿದೆ, ಮಕ್ಕಳು ನೋಡಿದರು. ಬಾಯಿ ನಿಂತಾಗ ಚಪ್ಪಾಳೆ ತಟ್ಟಿದರು. ನನ್ನ ಅತ್ಯುತ್ತಮ ಭಾಷಣ ಅದೇ ಎಂದು ಈಗಲೂ ಕೆಲವರು ಹೇಳುತ್ತಾರೆ.

ಹೊತ್ತಿನ ಮಾತು ಬಂದದ್ದಕ್ಕೆ ಹೇಳುತ್ತೇನೆ, ನಮ್ಮಲ್ಲಿ ಉಪನ್ಯಾಸದ ಉದ್ದವನ್ನು ನಿರ್ಧರಿಸುವುದು ಉಪನ್ಯಾಸಕರಲ್ಲ, ಬಸ್ಸು. ಮೂರೂವರೆಯಾಯಿತೆಂದರೆ ಚೀಲದ ಜಿಪ್ಪು ಎಳೆಯುವ ಸದ್ದು ಹಿಂದಿನಿಂದ ಶುರುವಾಗಿ ಮುಂದಕ್ಕೆ ಬರುತ್ತದೆ. ಸಾಗರದಲ್ಲಿ ಇದಕ್ಕೊಂದು ವಿಶೇಷವಿತ್ತು. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಶರಾವತಿ ಹಿನ್ನೀರು ಹರಡಿಕೊಂಡ ಮೇಲೆ ತುಮರಿ ಕಡೆಯವರು ಆಚೆ ದಡದಲ್ಲಿ ಉಳಿದರು. ಈಚೆಗೆ ಬರಲು ಲಾಂಚೇ ಗತಿ. ‘ಲಾಂಚ್ ತಪ್ಪುತ್ತೆ ಸಾರ್’ ಎಂದು ಎದ್ದು ನಿಂತರೆ ಎಂಥ ಕಟ್ಟುನಿಟ್ಟಿನ ಪ್ರಿನ್ಸಿಪಾಲರೂ ಎದುರಾಡುತ್ತಿರಲಿಲ್ಲ. ತುಮರಿಯ ಹೆಸರನ್ನೂ ಕೇಳದ ಪೇಟೆಯ ಹುಡುಗರು ಆ ಗುಂಪಿನಲ್ಲಿ ಸೇರಿ ಹೊರಗೆ ಹೋಗುತ್ತಿದ್ದರು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ 2 ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಯಿತು. ದ್ವೀಪದವರ ದಶಕಗಳ ಕಷ್ಟ ತೀರಿತು, ಸಂತೋಷ. ಉಪನ್ಯಾಸದ ನಡುವೆ ಏಳುವುದಕ್ಕೆ ಅಷ್ಟು ಗೌರವದ ಕಾರಣ ಮಾತ್ರ ಇನ್ನು ಹುಟ್ಟಲಾರದು.

ಸಭೆಗಳೂ ಊರಿಂದೂರಿಗೆ ಬೇರೆ. ತೀರ್ಥಹಳ್ಳಿಯಲ್ಲಿ ಮಾತಾಡುವವರಿಗೆ ಒಂದು ಅಳುಕು ಇದ್ದೇ ಇರುತ್ತದೆ. ಕುಪ್ಪಳಿ ಪಕ್ಕದಲ್ಲೇ, ಮೇಳಿಗೆ ಅನಂತಮೂರ್ತಿಯವರದು, ಕೆಸಲೂರು ಗಿರೀಶ ಕಾಸರವಳ್ಳಿಯವರದು. ಒಬ್ಬರು ‘ಘಟಶ್ರಾದ್ಧ’ ಕಥೆ ಬರೆದರು, ಇನ್ನೊಬ್ಬರು 1977ರಲ್ಲಿ ಅದನ್ನು ಸಿನಿಮಾ ಮಾಡಿ ಸ್ವರ್ಣಕಮಲ ತಂದರು, ಇಬ್ಬರೂ ಒಂದೇ ತಾಲ್ಲೂಕಿನವರು. ಎಂ.ಕೆ. ಇಂದಿರಾ ಕೂಡ ತೀರ್ಥಹಳ್ಳಿಯವರೇ. ಹೀಗಿರುವಾಗ ಮೂರನೇ ಸಾಲಿನಲ್ಲಿ ಕವಳ ಹಾಕಿಕೊಂಡು ಕೂತ ಮುದುಕರು ಯಾವ ಕಾದಂಬರಿಯ ಯಾವ ಪಾತ್ರವೋ ಯಾರಿಗೆ ಗೊತ್ತು? ಉಪನ್ಯಾಸಕರು ಹುಷಾರಾಗಿ ಕುವೆಂಪುವಿನಿಂದ ಶುರುಮಾಡಿ ಹುಷಾರಾಗಿ ಕುವೆಂಪುವಿನಲ್ಲೇ ಮುಗಿಸುತ್ತಾರೆ.

ಸಾಗರದವರು ಹಾಗಲ್ಲ, ಪ್ರಶ್ನೆ ಕೇಳುತ್ತಾರೆ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತ ಸೀಮೆ. ಮರುವರ್ಷ ಸಾಗರ–ಹೊಸನಗರ ಕ್ಷೇತ್ರದಿಂದ ಶಾಂತವೇರಿ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿದ ಜನ. ಅದರ ಮೇಲೆ ಹೆಗ್ಗೋಡು ಬೇರೆ. ನೀಲಕಂಠೇಶ್ವರ ನಾಟ್ಯಸೇವಾ ಸಂಘವೆಂಬ ಊರಿನ ನಾಟಕ ಕಂಪನಿಯೊಂದು 1949ರಲ್ಲಿ ಹುಟ್ಟಿ, ನೀನಾಸಮ್ ಆಗಿ, 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರ, ಮರುವರ್ಷ ಚಿತ್ರಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ ಅಂತ ಬೆಳೆದದ್ದು ನಿಮಗೆ ಗೊತ್ತಿರುವುದೇ. ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಬಂದಾಗ ಪೇಪರಿನವರೆಲ್ಲ ಹೆಗ್ಗೋಡು ಎಲ್ಲಿದೆಯೆಂದು ನಕ್ಷೆ ಹುಡುಕಿದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ ಸಂಗತಿ. ಸತ್ಯಜಿತ್ ರಾಯ್, ಕುರೋಸಾವ ಮುಂತಾದವರ ಸಿನಿಮಾಗಳನ್ನು ಅಲ್ಲಿ ಅಡಿಕೆ ಬೆಳೆಗಾರರೂ ಕೂಲಿಗೆ ಹೋಗುವವರೂ ಒಟ್ಟಿಗೆ ಕೂತು ನೋಡಿದರು. ‘ಅರ್ಥ ಆಗುತ್ತಾ ಇವರಿಗೆಲ್ಲ?’ ಎಂದು ಕೇಳಿದವರು ಹೊರಗಿನವರೇ ಹೊರತು ನೋಡಿದವರಲ್ಲ. ಅಕ್ಟೋಬರಿನ ಸಂಸ್ಕೃತಿ ಶಿಬಿರದಲ್ಲಿ ಈಗಲೂ ನೋಡಿ, ಉಪನ್ಯಾಸ ಮುಗಿದ ಮೇಲೇ ನಿಜವಾದ ಉಪನ್ಯಾಸ ಶುರು. ಒಬ್ಬರು ಎದ್ದು ‘ನನ್ನದೊಂದು ಸಣ್ಣ ಪ್ರಶ್ನೆ’ ಎನ್ನುತ್ತಾರೆ. ಆ ಸಣ್ಣ ಪ್ರಶ್ನೆಗೆ ಪೀಠಿಕೆ, ಪೂರ್ವಪಕ್ಷ ಎಲ್ಲ ಇರುತ್ತದೆ. ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೊಂದನ್ನು ಬಿಟ್ಟು.

ಇದೇ ಚಟ ಸಾಗರದ ಕಾಲೇಜುಗಳಿಗೂ ಸ್ವಲ್ಪ ಹತ್ತಿಕೊಂಡಿದೆ ಎಂಬುದು ನನ್ನ ಗುಮಾನಿ. ಹಾಜರಿ ಹಾಕುತ್ತಾರೆಂದು ಬಂದು ಕೂತ ಹುಡುಗರಲ್ಲಿ ಒಬ್ಬ ಎದ್ದು, ಅತಿಥಿಗಳು ಬೆಳಿಗ್ಗೆಯಿಂದ ಕಟ್ಟಿದ್ದನ್ನು ಒಂದೇ ಪ್ರಶ್ನೆಯಲ್ಲಿ ಬಿಚ್ಚಿಹಾಕಿದ್ದನ್ನು ಕಂಡಿದ್ದೇನೆ. ಹಾಜರಿಗಾಗಿ ಕೂರಿಸುವುದು ತಪ್ಪು ಎಂದು ದೊಡ್ಡವರು ಬರೆಯುತ್ತಾರೆ. ನನಗೆ ಹಾಗನ್ನಿಸಿಲ್ಲ. ನಾನೇ ಮೊದಲ ಸಲ ಉಪನ್ಯಾಸ ಕೇಳಿದ್ದು ಬಾಗಿಲಿಗೆ ಚಿಲಕ ಹಾಕಿದ್ದರಿಂದ. ಇಷ್ಟಪಟ್ಟು ಬಂದವರನ್ನೇ ಕೂರಿಸುತ್ತೇವೆಂದರೆ, ಹುಟ್ಟಾ ಉಪನ್ಯಾಸ ಕೇಳುವ ಜಾತಿಯವರು ಎಷ್ಟು ಮಂದಿ ಇದ್ದಾರೆ ಮಾರಾಯ್ರೆ? ಮಳೆಗೆ ಹೆದರಿ ಒಳಗೆ ಬಂದವರು, ಬಸ್ಸಿಗೆ ಕಾಯುವವರು, ಉಪ್ಪಿಟ್ಟಿನ ಒಗ್ಗರಣೆ ಮೂಗಿಗೆ ಬಡಿದವರು, ಇವರೆಲ್ಲ ಸೇರಿಯೇ ಸಭೆ.

ಹೊಸನಗರದ್ದು ಇನ್ನೂ ಒಂದು ತೆರನಾದ ಸಭೆ. ಪ್ರಶ್ನೆ ಕೇಳುವುದಿಲ್ಲ, ಚಪ್ಪಾಳೆಯೂ ಕಡಿಮೆ. ಮುಗಿದ ಮೇಲೆ ಹೊರಗೆ ಜಗಲಿಯಲ್ಲಿ ಹಿಡಿದು ಸಾವಕಾಶ ವಿಚಾರಿಸಿಕೊಳ್ಳುತ್ತಾರೆ. ಅದು ಹೆಚ್ಚು ಕಷ್ಟ.

ನವೆಂಬರ್ ಬಂತೆಂದರೆ ಮಳೆ ಬಿಡುತ್ತದೆ, ಮೈಕು ಕೇಳುತ್ತದೆ, ರಸ್ತೆ ಸರಿಯಿರುತ್ತದೆ. ಆದರೆ ಸಭಿಕರೇ ಇಲ್ಲ. ಎಲ್ಲರೂ ಅಡಿಕೆ ಕೊಯ್ಲಿನಲ್ಲಿ. ಹಗಲು ಕೊನೆ ಇಳಿಸುವುದು, ರಾತ್ರಿ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆಗ ಬರುವ ಆಮಂತ್ರಣ ಪತ್ರಿಕೆಗಳನ್ನು ಸುಲಿಯುವವರ ನಡುವೆ ಯಾರಾದರೂ ಗಟ್ಟಿಯಾಗಿ ಓದುತ್ತಾರೆ. ಅಧ್ಯಕ್ಷತೆ ಯಾರದು, ಉಪಸ್ಥಿತಿ ಯಾರದು ಎಂಬುದರ ಮೇಲೆ ಒಂದು ಗಂಟೆ ವಿಮರ್ಶೆ ನಡೆಯುತ್ತದೆ. ಕಾರ್ಯಕ್ರಮಕ್ಕೆ ಹೋದದ್ದಕ್ಕಿಂತ ಅದೇ ಚೆನ್ನಾಗಿರುತ್ತದೆ.

ಕೊಯ್ಲು ಮುಗಿದ ಮೇಲೆ ಕಾಲೇಜೇ ಹಳ್ಳಿಗೆ ಬರುತ್ತದೆ. ಎನ್ನೆಸ್ಸೆಸ್ ಶುರುವಾದದ್ದು 1969ರಲ್ಲಿ, ಗಾಂಧಿ ಶತಮಾನೋತ್ಸವದ ವರ್ಷ. ಅದರ 7 ದಿನದ ವಿಶೇಷ ಶಿಬಿರ ಎಂದರೆ ಊರಿಗೊಂದು ಸಣ್ಣ ಹಬ್ಬ. ಮಕ್ಕಳು ಬೆಳಿಗ್ಗೆ ಶಾಲೆಯ ಅಂಗಳ ಮಟ್ಟ ಮಾಡುತ್ತಾರೆ, ಕೆರೆಯ ಹೂಳು ತೆಗೆಯುತ್ತಾರೆ, ಮಧ್ಯಾಹ್ನ ಊರವರ ಮನೆಯಿಂದ ಬಂದ ಮಜ್ಜಿಗೆ, ಹಲಸಿನ ಹಪ್ಪಳ ಮುಗಿಸುತ್ತಾರೆ. ಸಂಜೆ ಶಾಲೆಯ ಜಗಲಿಯೇ ರಂಗಮಂಚ. ಹಿಂದೆ ಒಂದು ಸೀರೆ, ಮುಂದೆ ಒಂದು ಟ್ಯೂಬ್‌ಲೈಟು. ಮೊದಲು ಉಪನ್ಯಾಸ, ಆಮೇಲೆ ಮಕ್ಕಳ ನಾಟಕ. ಈ ಕ್ರಮ ತಿರುಗಿಸಿದರೆ ಉಪನ್ಯಾಸಕ್ಕೆ ಯಾರೂ ಉಳಿಯುವುದಿಲ್ಲವೆಂದು ಶಿಬಿರಾಧಿಕಾರಿಗಳಿಗೆ ಗೊತ್ತು.

ಅಂಥದ್ದೊಂದು ಸಂಜೆ ಯುವ ಉಪನ್ಯಾಸಕರೊಬ್ಬರು ಅಡಿಕೆಯ ಕೊಳೆರೋಗದ ಬಗ್ಗೆ ಊರವರಿಗೆ ತಿಳಿವಳಿಕೆ ಕೊಟ್ಟರು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಶೇಕಡ 1ರ ಬೋರ್ಡೋ ದ್ರಾವಣ. ಎದುರು ಕೂತವರ ಪೈಕಿ ಅದನ್ನು ಹೊಡೆಯದ ಕೈ ಒಂದೂ ಇರಲಿಲ್ಲ. ಹಿಂದಿನ ವರ್ಷ ಹೊಡೆದ ನೀಲಿ ಕಲೆ ಕೆಲವರ ಅಂಗಿಯ ಮೇಲೇ ಇತ್ತು. ಆದರೂ ಮೊದಲ ಸಲ ಕೇಳುವವರ ಹಾಗೆ ಕೇಳಿದರು. ಸಭ್ಯತೆ ಎಂದರೆ ಅದು. ಕೊನೆಗೆ ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಯಜಮಾನರೊಬ್ಬರು ಶಾಲು ಸರಿಮಾಡಿಕೊಂಡು ಎದ್ದರು.

‘ನೀವು ಹೇಳಿದ್ದೆಲ್ಲ ಸರಿ ಸಾರ್. ಔಷಧಿ ಇದೆ, ಪಂಪಿದೆ. ಮರ ಹತ್ತೋ ಕೊನೆಗಾರ ಇಲ್ಲ. ಈ ಮಕ್ಕಳಲ್ಲಿ ಮರ ಹತ್ತಕ್ಕೆ ಬರೋರು ಯಾರಿದಾರೆ?’

ಉಪನ್ಯಾಸಕರು ಶಿಬಿರಾಧಿಕಾರಿಗಳ ಮುಖ ನೋಡಿದರು, ಅವರು ಮಕ್ಕಳ ಮುಖ ನೋಡಿದರು. ಸೀರೆಯ ಹಿಂದಿನಿಂದ, ಆಗಲೇ ನಾಟಕದ ಮೀಸೆ ಅಂಟಿಸಿಕೊಂಡಿದ್ದ ರಾಜನೂ ಅವನ ಪಕ್ಕದ ಮಂತ್ರಿಯೂ ಕೈ ಎತ್ತಿದರು. ಯಜಮಾನರು ಅಲ್ಲೇ ಜಗಲಿ ಹತ್ತಿ ಇಬ್ಬರ ಫೋನ್ ನಂಬರನ್ನೂ ಬರೆದುಕೊಂಡು, ‘ಜೂನ್ ಮೊದಲ ವಾರ, ಮರೀಬೇಡಿ’ ಎಂದು ಇಳಿದರು. ಆಮೇಲೆ ನಾಟಕ ಶುರುವಾಯಿತು.