ಎಂಜಿನ್ನಿಗೂ ಕೊಬ್ಬರಿ ರೇಟು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕಿನಲ್ಲಿ ಯಾವ ಖರ್ಚಿನ ಮಾತೆತ್ತಿದರೂ ಬರುವ ಉತ್ತರ ಒಂದೇ: ‘ರೇಟು ಬರ್ಲಿ, ನೋಡಾಣ.’ ಮಗಳ ಮದುವೆಗೂ ಅದೇ, ಮನೆಯ ತಾರಸಿಗೂ ಅದೇ, ಅತ್ತಿಗೆಯ ಮಂಡಿ ಆಪರೇಷನ್ನಿಗೂ ಅದೇ. ಯಾವುದರ ರೇಟು ಅಂತ ಇಲ್ಲಿ ಯಾರೂ ಕೇಳುವುದಿಲ್ಲ. ಎಪಿಎಂಸಿಯಲ್ಲಿ ಉಂಡೆ ಕೊಬ್ಬರಿಯ ಹರಾಜು ಮುಗಿದರೆ ಸಾಕು, ಕ್ವಿಂಟಲಿಗೆ ಎಷ್ಟಾಯಿತೆಂಬುದು ಕಟಿಂಗ್ ಷಾಪಿನವನಿಗೂ ಗೊತ್ತು, ಮೆಡಿಕಲ್ ಸ್ಟೋರಿನವನಿಗೂ ಗೊತ್ತು, ಸಾಲ ಕೊಟ್ಟವನಿಗಂತೂ ನಮಗಿಂತ ಮೊದಲೇ ಗೊತ್ತು.

ಇದನ್ನು ಸೋಮಾರಿತನ ಎಂದು ಬೆಂಗಳೂರಿನ ನೆಂಟರು ಅಂದುಕೊಳ್ಳುತ್ತಾರೆ. ಅವರಿಗೆ ಅಟ್ಟ ಗೊತ್ತಿಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿದರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು, ಉಂಡೆಯಾಗುವುದಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು. ಅವಸರ ಮಾಡಿದರೆ ಕೊಬ್ಬರಿಯೂ ಇಲ್ಲ, ಕಾಯೂ ಇಲ್ಲ. ಹಣ್ಣಾದ ಸಂಜೆಗೇ ಟೊಮೆಟೊ ಮಾರಬೇಕಾದವನ ಸ್ವಭಾವ ಬೇರೆ, ವರ್ಷಗಟ್ಟಲೆ ತಲೆಯ ಮೇಲೆ ಕಾಯಿ ಪೇರಿಸಿಕೊಂಡು ಕೆಳಗೆ ನಿದ್ದೆ ಮಾಡುವವನ ಸ್ವಭಾವ ಬೇರೆ. ನಮ್ಮ ಮನೆಯ ಮಾರುತಿ ವ್ಯಾನಿನ ಎಂಜಿನ್ ಕೆಟ್ಟಾಗ ನಡೆದದ್ದು ಅರ್ಥವಾಗಬೇಕಾದರೆ ಇಷ್ಟು ತಿಳಿದಿರಬೇಕು.

ಅದು 1998ರ ಮಾಡೆಲ್ ಓಮ್ನಿ. ತಿಪಟೂರಿಗೆ ಕೆಎ-44 ಬರುವುದಕ್ಕೆ ಮುಂಚಿನದು, ತುಮಕೂರಿನ ಕೆಎ-06 ನಂಬರು. ಕಂಪನಿ ಈ ವ್ಯಾನನ್ನು 1984ರಲ್ಲಿ ಬಿಟ್ಟಿತು, 2019ರಲ್ಲಿ ನಿಲ್ಲಿಸಿತು. ನಡುವಿನ ಅಷ್ಟೂ ವರ್ಷ ಸಿನಿಮಾದವರು ಅದನ್ನು ನಾಯಕಿಯನ್ನು ಎತ್ತಿಹಾಕಿಕೊಂಡು ಹೋಗಲು ಬಳಸಿದರು. ನಾವು ಕೊಬ್ಬರಿ ಚೀಲ, ಹಿಂಡಿ ಮೂಟೆ, ಮದುವೆಗೆ ಹೊರಟ ಹೆಂಗಸರು ಮತ್ತು ಒಮ್ಮೆ ಒಂದು ಎಳೆಗರುವನ್ನು ಸಾಗಿಸಿದೆವು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ ಇರುವುದು ಡ್ರೈವರನ ಸೀಟಿನ ಕೆಳಗೇ. ಏಪ್ರಿಲ್ ತಿಂಗಳಲ್ಲಿ ಹುಳಿಯಾರಿನವರೆಗೆ ಓಡಿಸಿದವನಿಗೆ ಎಂಜಿನ್ ಎಲ್ಲಿದೆ ಎಂದು ಯಾರೂ ತೋರಿಸಿಕೊಡಬೇಕಾಗಿಲ್ಲ.

2023ರಲ್ಲಿ 5,000 ರೂಪಾಯಿ ಶುಲ್ಕ, ಮೇಲೆ ಹಸಿರು ತೆರಿಗೆ ಕಟ್ಟಿ, ಎಫ್‌ಸಿ ಮಾಡಿಸಿ, ಆರ್‌ಸಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿಕೊಂಡು ಬಂದೆವು. ಅದಾದ ಸ್ವಲ್ಪ ದಿನಕ್ಕೇ ಅಣ್ಣನ ಮಗ ಕೆ.ಬಿ. ಕ್ರಾಸಿನಲ್ಲಿ ಗಾಡಿ ನಿಲ್ಲಿಸಿಕೊಂಡು ಫೋನು ಮಾಡಿದ. ರೇಡಿಯೇಟರಿನ ಕೆಳಗಿನ ಹೋಸ್ ಪೈಪು ಬಿರಿದು ನೀರೆಲ್ಲ ರಸ್ತೆಗೆ ಹೋಗಿತ್ತು. ಟೆಂಪರೇಚರಿನ ಮುಳ್ಳು ಎಷ್ಟೋ ವರ್ಷದಿಂದ ಮಲಗಿದ್ದು ಎದ್ದಿರಲಿಲ್ಲವಾದ್ದರಿಂದ ಗಾಡಿಯೇ ನಿಲ್ಲುವತನಕ ಅವನು ನಿಲ್ಲಿಸಿರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಗಾಡಿಗೆ 2028ರವರೆಗೆ ಆಯಸ್ಸಿತ್ತು. ಎಂಜಿನ್ನಿಗೆ ಮಾತ್ರ ಇರಲಿಲ್ಲ.

ಮನೆಯ ಮುಂದೆ ಸೀಟು ಎತ್ತಿ, ಮೆಕ್ಯಾನಿಕ್ಕು ಆಯಿಲ್ ಮುಚ್ಚಳ ಬಿಚ್ಚಿ ನಮ್ಮ ಮುಂದೆ ಹಿಡಿದ. ಒಳಮೈಗೆ ಹೋಟೆಲ್ ಕಾಫಿಯ ನೊರೆಯಂಥದ್ದು ದಪ್ಪಗೆ ಅಂಟಿತ್ತು. ‘ನೀರು ಆಯಿಲ್ಲಿಗೆ ಬಂದೈತಣ್ಣ’ ಅಂದ. ಸ್ಟಾರ್ಟ್ ಮಾಡಿಸಿದರೆ ಸೈಲೆನ್ಸರಿನಿಂದ ಬೆಳ್ಳನೆ ಹೊಗೆ, ರೇಡಿಯೇಟರಿನಲ್ಲಿ ಗುಳುಗುಳು. ಅಪ್ಪ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಕೊಬ್ಬರಿಯಾಗಿದೆಯೋ ಇಲ್ಲವೋ ಹೇಳುವವರು. ಎಂಜಿನ್ನಿನ ಹತ್ತಿರವೂ ಬಗ್ಗಿ ಕಿವಿಗೊಟ್ಟು, ‘ಒಳಗಿನ್ನೂ ನೀರೈತೆ’ ಎಂದು ತೀರ್ಪು ಕೊಟ್ಟರು. ಅದಕ್ಕಿಂತ ಸರಿಯಾಗಿ ಯಾವ ಇಂಜಿನಿಯರೂ ಹೇಳಲಾರ.

ಹೆಡ್ ಬಿಚ್ಚಿದ ಮೇಲೆ ವಿಷಯ ಇನ್ನಷ್ಟು ತಿಳಿಯಿತು. ಈ ಎಂಜಿನ್ನಿನ ಬ್ಲಾಕು ಬೀಡು ಕಬ್ಬಿಣ, ಮೇಲಿನ ಹೆಡ್ಡು ಅಲ್ಯುಮಿನಿಯಂ. ನೀರಿಲ್ಲದೆ ಕಾದರೆ ಮೊದಲು ಸೊಟ್ಟಗಾಗುವುದು ಹೆಡ್ಡು. ಅದರ ಮೈಮೇಲೆ ಸ್ಟೀಲ್ ಪಟ್ಟಿ ಇಟ್ಟು ಸಂದಿನಲ್ಲಿ ಗೇಜಿನ ತೆಳು ಎಸಳು ತೂರಿಸಿದ. ನಡುಭಾಗದಲ್ಲಿ ಅದು ಸರಾಗವಾಗಿ ಹೋಯಿತು. ಗ್ಯಾಸ್ಕೆಟ್ಟು ಎರಡು ಸಿಲಿಂಡರಿನ ನಡುವೆ ಸುಟ್ಟು ಕರಕಲಾಗಿತ್ತು. ಸಿಲಿಂಡರಿನ ಗೋಡೆಗೆ ಬೆರಳಾಡಿಸಿದರೆ ಉಗುರಿಗೆ ಗೀರು ತಾಕುತ್ತಿತ್ತು. ‘ಬರೀ ಹೆಡ್ಡಿನ ಕೆಲಸ ಅಲ್ಲ. ಬೋರೇ ಹೊಡುಸ್ಬೇಕು’ ಅಂದ.

ಒಳಗೆ ಅನ್ನಕ್ಕಿಟ್ಟಿದ್ದ ಅಮ್ಮ ಓಡಿಬಂದರು. ‘ಇನ್ನೊಂದು ಬೋರೇ? ಹೋದ್ಸಲ ಸಾವ್ರ ಅಡಿ ಹೋದ್ರೂ ಬರೀ ಧೂಳು ಬಂತಲ್ರೋ!’

ಮೆಕ್ಯಾನಿಕ್ಕಿನ ಲೆಕ್ಕ ಹೀಗಿತ್ತು. ಎಂಜಿನ್ ಇಳಿಸಿ, ಬೋರ್ ಹೊಡೆಸಿ, ಹೊಸ ಪಿಸ್ಟನ್, ರಿಂಗು, ಬೇರಿಂಗು ಹಾಕಿ, ಹೆಡ್ ಫೇಸಿಂಗ್ ಮಾಡಿಸಿದರೆ 24,000. ಅದರ ಬದಲು ಗುಜರಿಯಿಂದ ಓಡಿದ ಎಂಜಿನ್ ತಂದು ಕೂರಿಸಿದರೆ 18,000. ಅಪ್ಪ ಕಣ್ಣು ಮುಚ್ಚಿಕೊಂಡರು. ಆ ವರ್ಷ ಕೊಬ್ಬರಿ ಕ್ವಿಂಟಲಿಗೆ 8,000ದ ಆಸುಪಾಸಿಗೆ ಬಿದ್ದಿತ್ತು. ‘ರಿಪೇರಿ ಅಂದ್ರೆ ಮೂರು ಕ್ವಿಂಟಲ್. ಬದಲಿ ಅಂದ್ರೆ ಎರಡೂ ಕಾಲು. ಎರಡೂ ಬ್ಯಾಡ. ರೇಟು ಬರ್ಲಿ.’ ವ್ಯಾನನ್ನು ತಳ್ಳಿಕೊಂಡು ಹೋಗಿ ಗರಿ ಚಪ್ಪರದ ಕೆಳಗೆ ನಿಲ್ಲಿಸಿದೆವು. ಕೋಳಿಗಳು ಅದೇ ದಿನ ಗೃಹಪ್ರವೇಶ ಮಾಡಿದವು.

ನಿಂತ ಗಾಡಿಗೆ ಸಲಹೆಗಾರರು ಜಾಸ್ತಿ. ತುರುವೇಕೆರೆಯ ಭಾವ ತಮ್ಮ ಕೊಟ್ಟಿಗೆಯಲ್ಲಿ ಮಾರುತಿ ಎಂಟ್ನೂರರ ಎಂಜಿನ್ ಬಿದ್ದಿದೆಯೆಂದೂ, ಎರಡೂ ಒಂದೇ ತಾಯಿಯ ಮಕ್ಕಳೆಂದೂ, ಸುಮ್ಮನೆ ಎತ್ತಿ ಇಟ್ಟರಾಯಿತೆಂದೂ ಹೇಳಿ ಕಳಿಸಿದರು. ಒಂದೇ ತಾಯಿಯ ಮಕ್ಕಳೆನ್ನುವುದು ನಿಜವೇ. ಆದರೆ ಎಂಟ್ನೂರರಲ್ಲಿ ಎಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ವ್ಯಾನಿನಲ್ಲಿ ಉದ್ದಕ್ಕೆ ಕೂತು ಹಿಂದಿನ ಚಕ್ರ ತಿರುಗಿಸುತ್ತದೆ. ಒಳಗಿನ ಪಿಸ್ಟನ್ನು ರಿಂಗು ಹೊಂದುತ್ತವೆ, ಹೊರಗಿನ ಕೂರಿಕೆ ಹೊಂದುವುದಿಲ್ಲ. ಇದನ್ನು ವಿವರಿಸಿದರೆ ಭಾವ, ‘ನಿಮಗೆ ನನ್ನ ಕಡೆಯಿಂದ ಏನೂ ಬೇಡ ಬಿಡಿ’ ಎಂದು ಮುನಿಸಿಕೊಂಡು ಪಿತೃಪಕ್ಷದ ಊಟಕ್ಕೂ ಬರಲಿಲ್ಲ.

ನಾನೂ ಅಣ್ಣನ ಮಗನೂ ಬೆಂಗಳೂರಿನ ಒಂದು ಗುಜರಿಗೆ ಹೋಗಿ ನೋಡಿದೆವು. ಎಂಜಿನ್ನುಗಳು ಎದೆಮಟ್ಟಕ್ಕೆ ಪೇರಿಸಿದ್ದವು. ಯಾವುದರ ಮೇಲೆ ಕೈಯಿಟ್ಟರೂ ಅಂಗಡಿಯವನು ‘ಡಾಕ್ಟರ್ ಓಡ್ಸಿದ್ ಗಾಡಿ ಸಾರ್, ಸಿಂಗಲ್ ಹ್ಯಾಂಡ್’ ಅನ್ನುತ್ತಿದ್ದ. ಓಮ್ನಿ ಓಡಿಸುವ ಇಷ್ಟೊಂದು ಡಾಕ್ಟರುಗಳು ರಾಜ್ಯದಲ್ಲಿದ್ದರೆ ನಮ್ಮ ಹಳ್ಳಿಯ ಆಸ್ಪತ್ರೆಗೆ ಯಾಕೆ ಒಬ್ಬರೂ ಬರುವುದಿಲ್ಲ? ಎಂಜಿನ್ ನಂಬರಿನ ಮಾತೆತ್ತಿದೆ. ಆರ್‌ಸಿಯಲ್ಲಿ ಬರೆದ ನಂಬರೇ ಎಂಜಿನ್ನಿನ ಮೇಲೂ ಇರಬೇಕು. ಬದಲಿಸಿದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿಯಲ್ಲಿ ತಿದ್ದಿಸಿಕೊಳ್ಳಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆ. ಹಾಗೆ ತಿದ್ದಿಸಬೇಕಾದರೆ ಈ ಎಂಜಿನ್ ಯಾವ ಗಾಡಿಯದು ಎನ್ನುವುದಕ್ಕೆ ಕಾಗದ ಬೇಡವೇ? ಅಂಗಡಿಯವನು ನನ್ನನ್ನು ಕನಿಕರದಿಂದ ನೋಡಿ, ‘ನಿಮಗೆ ಯಾವ ನಂಬರ್ ಬೇಕು ಹೇಳಿ ಸಾರ್’ ಅಂದ. ಅಣ್ಣನ ಮಗ ನನ್ನ ತೋಳು ಹಿಡಿದು ಹೊರಗೆಳೆದುಕೊಂಡು ಬಂದ. ಅವನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗಲೇ.

2024ರಲ್ಲಿ ನಾಫೆಡ್ ಖರೀದಿ ಶುರುವಾಯಿತು. ಬೆಂಬಲ ಬೆಲೆ 12,000, ರಾಜ್ಯದ್ದು 1,500, ಒಟ್ಟು 13,500. ನೋಂದಣಿಗೆ ಜನ ಇರುಳಿಡೀ ಸಾಲು ನಿಂತರು. ‘ಈಗ ರಿಪೇರಿ ಎರಡು ಕ್ವಿಂಟಲಿಗಿಂತ ಕಮ್ಮಿ’ ಎಂದು ನಾನು ಲೆಕ್ಕ ಹೇಳಿದೆ. ‘ಏರ್ತಾ ಇರುವಾಗ ಯಾರಾದ್ರೂ ಖರ್ಚು ಮಾಡ್ತಾರೇನೋ’ ಅಂದರು ಅಪ್ಪ. ಇಳಿಯುವಾಗ ಖರ್ಚು ಮಾಡಬಾರದು, ಏರುವಾಗಲೂ ಮಾಡಬಾರದು. ಹಾಗಾದರೆ ಯಾವಾಗ ಮಾಡಬೇಕೆಂದು ಕೇಳುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಕೊನೆಗೆ ರೇಟು ಬಂದೇಬಿಟ್ಟಿತು. 2025ರಲ್ಲಿ ಕ್ವಿಂಟಲಿಗೆ 20,000 ದಾಟಿ, ನಿಲ್ಲದೆ ಮೇಲೆ ಹೋಯಿತು. ಅಣ್ಣನ ಮಗ ವ್ಯಾನನ್ನು ತೂಕಕ್ಕೆ ಹಾಕಿ ಇಕೋ ಕೊಳ್ಳೋಣವೆಂದು ಶೋರೂಮಿನ ಪಟ್ಟಿ ತಂದ. ಅತ್ತಿಗೆ ಮಂಡಿಯ ವಿಷಯ ಜ್ಞಾಪಿಸಿದರು. ಎಲ್ಲರೂ ಒಟ್ಟಿಗೆ ಅಟ್ಟದ ಕಡೆ ತಲೆಯೆತ್ತಿದೆವು. ಅಲ್ಲಿ ಇಲಿ ಓಡಾಡುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು, ಅಷ್ಟು ಖಾಲಿ. 2023ರ ಬರಕ್ಕೆ ಹೊಂಬಾಳೆ ಕಟ್ಟಿರಲಿಲ್ಲ, ಉಳಿದದ್ದನ್ನು ಕಪ್ಪುತಲೆ ಹುಳವೂ ಬಿಳಿನೊಣವೂ ನೋಡಿಕೊಂಡಿದ್ದವು. ಎಲ್ಲರ ಅಟ್ಟವೂ ಖಾಲಿಯಾದ್ದರಿಂದಲೇ ರೇಟು ಬಂದದ್ದು ಎನ್ನುವುದು ಆಮೇಲೆ ಹೊಳೆಯಿತು. ಮೆಕ್ಯಾನಿಕ್ಕು ಅಷ್ಟರಲ್ಲಿ ತನ್ನ 24,000ವನ್ನು 30,000ಕ್ಕೆ ಏರಿಸಿದ್ದ. ಅವನ ಮನೆಯಲ್ಲಿ ತೆಂಗಿನ ಮರವಿಲ್ಲ. ರೇಟು ಮಾತ್ರ ದಿನಾ ನೋಡುತ್ತಾನೆ.

ಅಳಿದುಳಿದ ಒಂದೂವರೆ ಕ್ವಿಂಟಲ್ ಮಾರಿ ಬೋರ್ ಹೊಡೆಸಿದೆವು. ಬ್ಲಾಕಿನಲ್ಲಿ ಬಿರುಕಿಲ್ಲ, ನಂಬರು ಬದಲಾಗುವುದಿಲ್ಲ, ಸಾಮಾನು ತಿಪಟೂರಿನಲ್ಲೇ ಸಿಗುತ್ತದೆ. ಇಷ್ಟಿದ್ದ ಮೇಲೆ ಎಂಜಿನ್ ಬದಲಿಸುವುದು ಮೂರ್ಖತನ ಎಂಬುದು ನನ್ನ ಖಚಿತ ಅಭಿಪ್ರಾಯ. ಲೇತಿನವನು 68.5 ಮಿಲಿಮೀಟರಿನ ಬೋರನ್ನು ಇನ್ನರ್ಧ ಮಿಲಿಮೀಟರ್ ಹಿಗ್ಗಿಸಿ, ಅದಕ್ಕೆ ತಕ್ಕ ಪಿಸ್ಟನ್ ಹಾಕಿಸಿದ. ಸಾವಿರ ಕಿಲೋಮೀಟರ್ ಆಗುವತನಕ ಜೋರಾಗಿ ಓಡಿಸಬೇಡಿ ಎಂದು ಮೆಕ್ಯಾನಿಕ್ಕು ಕೈಮುಗಿದು ಹೇಳಿದ. ವ್ಯಾನು ಹಿಂದೆಯೂ ಜೋರಾಗಿ ಓಡಿದ್ದಿಲ್ಲವಾದ್ದರಿಂದ ಆ ಷರತ್ತು ಯಾರಿಗೂ ಭಾರವಾಗಲಿಲ್ಲ. ತೊಂದರೆ ಕೊಟ್ಟದ್ದು ಕೋಳಿಗಳು. ಇವತ್ತಿಗೂ ಸಂಜೆ ಬಾಗಿಲು ತೆಗೆದಿಟ್ಟರೆ ಹಿಂದಿನ ಸೀಟಿಗೆ ಬಂದು ಕೂರುತ್ತವೆ.

ತುರುವೇಕೆರೆಯ ಭಾವನ ಕೊಟ್ಟಿಗೆಯಲ್ಲಿ ಎಂಟ್ನೂರರ ಎಂಜಿನ್ ಇನ್ನೂ ಇದೆ. ಬೇಕಾದವರು ಕೊಬ್ಬರಿ ರೇಟು ಬೀಳುವುದರೊಳಗೆ ಹೋಗಿ ಮಾತಾಡಿ. ಅದನ್ನು ಯಾವ ಡಾಕ್ಟರೂ ಓಡಿಸಿಲ್ಲ, ಅಷ್ಟು ಮಾತ್ರ ನಾನು ಬರೆದುಕೊಡಬಲ್ಲೆ.