ಸಿಂಗಟಾಲೂರಿನವರ ಕಡಲ ಸೂಟಿ

ಸಿಂಗಟಾಲೂರಿಗೆ ಸಮುದ್ರವಿಲ್ಲ, ಇರುವುದು ಹೊಳೆ. ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಈ ಊರು ತುಂಗಭದ್ರೆಯ ಎಡದಂಡೆಯಲ್ಲಿದೆ. ವೀರಭದ್ರೇಶ್ವರನ ಗುಡಿ, ಹೊಳೆಯಾಚೆ ಹೂವಿನಹಡಗಲಿ ಸೀಮೆ, ಬೆನ್ನಿಗೆ ಕಪ್ಪತಗುಡ್ಡದ ಗಾಳಿ ಇವು ಅದರ ಆಸ್ತಿ. ಊರಿನ ಹೆಸರು ಹೊತ್ತ ಏತ ನೀರಾವರಿ ಯೋಜನೆ ಸುತ್ತಲಿನ ಜಿಲ್ಲೆಗಳಿಗೆಲ್ಲ ಗೊತ್ತು. ಅದರ ಬ್ಯಾರೇಜು ಇರುವುದು ಹಮ್ಮಿಗಿಯಲ್ಲಿ ಎಂಬುದನ್ನು ಮಾತ್ರ ಹಮ್ಮಿಗಿಯವರೇ ಎತ್ತಿ ಹೇಳಬೇಕಾಗುತ್ತದೆ.

ನೆಂಟಸ್ತಿಕೆಯ ವಿಷಯದಲ್ಲಿ ಈ ಹೊಳೆ ಅನುಸರಿಸಲು ಯೋಗ್ಯವಲ್ಲ. ತುಂಗೆ, ಭದ್ರೆ, ನೇತ್ರಾವತಿ ಮೂವರೂ ಪಶ್ಚಿಮಘಟ್ಟದ ಗಂಗಾಮೂಲದವರು. ನೇತ್ರಾವತಿ ಘಟ್ಟ ಇಳಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರಿ ಕೈಕಾಲು ಚಾಚುತ್ತಾಳೆ. ತುಂಗೆ, ಭದ್ರೆಯರು ನೂರು ಕಿಲೋಮೀಟರಿನೊಳಗೇ ಇರುವ ಆ ಸಮುದ್ರಕ್ಕೆ ಬೆನ್ನುಹಾಕಿ, ಕೂಡಲಿಯಲ್ಲಿ ಒಂದಾಗಿ, ಸಿಂಗಟಾಲೂರನ್ನು ಹಾದು, ಕೃಷ್ಣೆಯ ಜೊತೆಗೂಡಿ ಬಂಗಾಳಕೊಲ್ಲಿಯವರೆಗೆ ನಡೆಯುತ್ತಾರೆ. ಹತ್ತಿರದವರ ಮನೆ ಬಿಟ್ಟು ದೂರದವರ ಮನೆ ಹುಡುಕುವ ಈ ಚಾಳಿ ದಂಡೆಯ ಜನರಿಗೆ ಅಂಟಿಲ್ಲ. ಏಪ್ರಿಲ್ ಹತ್ತರ ಸುಮಾರಿಗೆ ಶಾಲೆಗೆ ಸೂಟಿ ಬಿತ್ತೆಂದರೆ ಅವರು ಹೊರಡುವುದು ಪಶ್ಚಿಮಕ್ಕೇ.

ಪಶ್ಚಿಮದಲ್ಲಿ ನೆಂಟರು ಇರುವುದಕ್ಕೆ ಹಳೆಯ ಕಾರಣವೂ ಉಂಟು, ಹೊಸ ಕಾರಣವೂ ಉಂಟು. ಹಳೆಯದು ಹತ್ತಿ. ಧಾರವಾಡ ಸೀಮೆಯ ಎರೆಹೊಲದಲ್ಲಿ ಬೆಳೆದ ಹತ್ತಿ ಎತ್ತಿನ ಮೇಲೆ, ಚಕ್ಕಡಿಯ ಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು ಅಲ್ಲಿಂದ ಹಡಗು ಹತ್ತುತ್ತಿತ್ತು. ಅಮೆರಿಕದಲ್ಲಿ 1861ರಿಂದ 1865ರವರೆಗೆ ಅಂತರ್ಯುದ್ಧ ನಡೆದಾಗ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಾಲದಾಗಿ ಈ ದಾರಿಗೆ ಇನ್ನಷ್ಟು ಕಿಮ್ಮತ್ತು ಬಂತು. ಕುಮಟೆಯಲ್ಲಿ ಒಂದು ಗಿಡವೂ ಬೆಳೆಯದ ಈ ಹತ್ತಿಗೆ ಜಗತ್ತಿನ ಪೇಟೆಯಲ್ಲಿ ಬಿದ್ದ ಹೆಸರು ಮಾತ್ರ ‘ಕುಮಟಾ ಹತ್ತಿ’. ಬೆಳೆಯುವವರು ಒಬ್ಬರು, ಹೆಸರು ಇನ್ನೊಬ್ಬರದು; ಹಮ್ಮಿಗಿಯವರು ಇದರಿಂದ ಸ್ವಲ್ಪ ಸಮಾಧಾನ ಪಡಬಹುದು. ಹತ್ತಿ ಇಳಿಸಿದ ಚಕ್ಕಡಿಗಳು ಖಾಲಿ ಮರಳದೆ ಉಪ್ಪು, ತೆಂಗಿನಕಾಯಿ ಹೇರಿಕೊಂಡು, ಜೊತೆಗೆ ನೆಂಟಸ್ತಿಕೆಯನ್ನೂ ಕಟ್ಟಿಕೊಂಡು ಘಟ್ಟ ಹತ್ತುತ್ತಿದ್ದವು.

ಹೊಸ ಕಾರಣ ಸರಕಾರಿ ನೌಕರಿ. ಗದಗ ಜಿಲ್ಲೆಯ ಹುಡುಗ ಮಾಸ್ತರಿಕೆಗೆ ಆಯ್ಕೆಯಾಗಿ, ಕೌನ್ಸೆಲಿಂಗಿನಲ್ಲಿ ಉಳಿದ ಊರುಗಳ ಪೈಕಿ ಕುಮಟಾ ತಾಲ್ಲೂಕಿನ ಒಂದು ಶಾಲೆ ಹಿಡಿದು, ಚೀರೆಕಲ್ಲಿನ ಗೋಡೆ, ಮಂಗಳೂರು ಹಂಚಿನ ಬಾಡಿಗೆ ಮನೆಯಲ್ಲಿ ಸಂಸಾರ ಹೂಡುತ್ತಾನೆ. ಅಂದಿನಿಂದ ಅವನ ಆಸೆ ಒಂದೇ: ತನ್ನ ಜಿಲ್ಲೆಗೆ ವರ್ಗಾವಣೆ. ಬಳಗದ ಆಸೆಯೂ ಒಂದೇ: ತಾವು ಸಮುದ್ರ ನೋಡುವ ತನಕ ಅವನಿಗೆ ವರ್ಗಾವಣೆ ಆಗದಿರಲಿ. ವರ್ಷಕ್ಕೆ ಒಂದು ಕುಟುಂಬದಂತೆ ನೋಡುತ್ತ ಬಂದರೆ ಮುಗಿಯುವ ಬಳಗ ಅದಲ್ಲ.

ಪ್ರಯಾಣಕ್ಕೆ ಔಪಚಾರಿಕ ಹೆಸರು ‘ಗೋಕರ್ಣ’. ಮಹಾಬಲೇಶ್ವರನ ದರ್ಶನಕ್ಕೆ ಹೋದವರು ಹಾದಿಯಲ್ಲಿ ಮಾಸ್ತರನ ಮನೆಗೂ ಹೋಗಿಬಂದರು ಎಂಬುದು ಊರಲ್ಲಿ ಹೇಳಲು ಚೆಂದ. ದರ್ಶನಕ್ಕೆ ಒಂದು ಮುಂಜಾನೆ ಸಾಕು, ಹಾದಿಯ ಮನೆಗೆ ಎಂಟು ಹತ್ತು ದಿನ ಬೇಕು.

ಸಾಮಾನಿನ ವಿಷಯದಲ್ಲಿ ಸಿಂಗಟಾಲೂರಿನವರು ಯಾವ ಅಪಾಯಕ್ಕೂ ಒಡ್ಡಿಕೊಳ್ಳುವವರಲ್ಲ. ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಗುರೆಳ್ಳ ಚಟ್ನಿ, ಅಗಸಿ ಹಿಂಡಿ, ಡಬ್ಬಿಯಲ್ಲಿ ರಂಜಕ, ಚೀಲದಲ್ಲಿ ಜೋಳ. ಮಾಸ್ತರ ಇರುವ ಊರಿನಲ್ಲಿ ಊಟ ಸಿಗುವುದಿಲ್ಲವೆಂದಲ್ಲ. ಸಿಗುವುದು ಊಟವೇ ಹೌದೋ ಅಲ್ಲವೋ ಎಂಬ ಬಗ್ಗೆ ಹಿರಿಯರಲ್ಲಿ ಒಮ್ಮತವಿಲ್ಲ.

ಮುಂಡರಗಿ, ಗದಗ, ಹುಬ್ಬಳ್ಳಿ ಎಂದು ಬಸ್ಸು ಬದಲಿಸುತ್ತ ಸಾಗುವ ದಾರಿ ಅಂಕೋಲೆಯವರೆಗೆ ಸುಮಾರು 250 ಕಿಲೋಮೀಟರು. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಹಾಕುವ ಮಾತು ದಶಕಗಳಿಂದ ನಡೆದಿದೆ. ಘಟ್ಟದ ಕಾಡು ಮತ್ತು ಕಡತಗಳ ನಡುವೆ ಅದು ಸಿಕ್ಕಿಬಿದ್ದಿರುವುದರಿಂದ ಅಜ್ಜ ಕೇಳಿದ ಸುದ್ದಿಯನ್ನೇ ಮೊಮ್ಮಗನೂ ಕೇಳುತ್ತಿದ್ದಾನೆ. ಆದ್ದರಿಂದ ಬಸ್ಸು. ಗದಗಿನವರೆಗಿನ ರಸ್ತೆ ಎರೆಭೂಮಿಯಲ್ಲಿ ಕಣ್ಣು ಹಾಯುವಷ್ಟೂ ನೇರ. ಆ ರಸ್ತೆಯಲ್ಲಿ ಬೆಳೆದ ಹೊಟ್ಟೆಗೆ ತಿರುವು ಎಂದರೇನೆಂದು ಗೊತ್ತಿರುವುದಿಲ್ಲ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಬಂದಾಗ ಗೊತ್ತಾಗುತ್ತದೆ. ನಿಂಬೆಹಣ್ಣು ಮೂಸುವವರು, ಕಣ್ಣು ಮುಚ್ಚಿ ವೀರಭದ್ರನನ್ನು ಕರೆಯುವವರು, ಕಿಟಕಿಯ ಸೀಟಿಗಾಗಿ ಒಮ್ಮೆಲೇ ಏಳುವವರು ಎಂದು ಪ್ರಯಾಣಿಕರಲ್ಲಿ ಮೂರು ವರ್ಗ. ಧಾರವಾಡದಲ್ಲಿ ಹುಟ್ಟಿದ ಶಾಲ್ಮಲೆ ಬೇಡ್ತಿಯಾಗಿ, ಮುಂದೆ ಗಂಗಾವಳಿಯಾಗಿ ಇದೇ ಸೀಮೆಯಲ್ಲಿ ಘಟ್ಟ ಇಳಿದು ಕಡಲು ಸೇರುತ್ತದೆ. ಕಾಡು ಎಷ್ಟು ಚೆಂದವಿತ್ತೆಂದು ಊರಿಗೆ ಮರಳಿದ ಮೇಲೆ ಎಲ್ಲರೂ ವರ್ಣಿಸುತ್ತಾರಾದರೂ ಆ ಹೊತ್ತಿನಲ್ಲಿ ನೋಡಿದವನು ಚಾಲಕನೊಬ್ಬನೇ.

ಊರ ಬಿಸಿಲಿನಿಂದ ತಪ್ಪಿಸಿಕೊಂಡು ತಂಪಿಗೆ ಬಂದೆವೆಂಬ ನಂಬಿಕೆ ಅಂಕೋಲೆಯಲ್ಲಿ ಬಸ್ಸು ಇಳಿದಾಗ ಕಳಚುತ್ತದೆ. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು, ಇಲ್ಲಿ 3000ವನ್ನೂ ಮೀರುತ್ತದೆ. ಆದರೆ ಅದೆಲ್ಲ ಜೂನ್‌ನಿಂದ ಆಚೆಯ ಮಾತು. ಮೇ ತಿಂಗಳಲ್ಲಿ ಮಳೆ ಮೇಲಿನಿಂದ ಬೀಳುವುದಿಲ್ಲ, ಮೈಯಿಂದ ಹೊರಡುತ್ತದೆ. ಉಷ್ಣಮಾಪಕದ ಲೆಕ್ಕದಲ್ಲಿ ಮುಂಡರಗಿಯೇ ಹೆಚ್ಚು ಬಿಸಿ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆರದೆ ಅಲ್ಲಿಯೇ ನಿಲ್ಲುತ್ತದೆ. ಮನೆಯ ಹಿರಿಯಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಈ ವಿಜ್ಞಾನವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: “ನಮ್ಮ ಬಿಸಲ ಪಾಡವಾ. ಸುಡತೈತಿ, ಆದ್ರ ತೋಯ್ಸೂದಿಲ್ಲ.”

ಅದೇ ತೇವ ರೊಟ್ಟಿಯ ಮೇಲೂ ಕೈಮಾಡುತ್ತದೆ. ಊರಲ್ಲಿ ತಿಂಗಳುಗಟ್ಟಲೆ ಕಟಕಟ ಎನ್ನುವ ರೊಟ್ಟಿ ಕುಮಟೆಯಲ್ಲಿ ಮೂರನೆಯ ದಿನಕ್ಕೆ ಬಗ್ಗುತ್ತದೆ, ಐದನೆಯ ದಿನಕ್ಕೆ ಮಡಚಲು ಬರುತ್ತದೆ. ಮಾಸ್ತರನ ಹೆಂಡತಿ ಅದನ್ನು ಹೆಂಚಿನ ಮೇಲೆ ಮತ್ತೆ ಮತ್ತೆ ಬಿಸಿ ಮಾಡಿ ಅದರ ಮರ್ಯಾದೆ ಉಳಿಸಲು ನೋಡುತ್ತಾಳೆ. ಕೊನೆಗೆ ಕುಚ್ಚಲಕ್ಕಿಯ ಅನ್ನ ಬಡಿಸಲೇಬೇಕಾಗುತ್ತದೆ. ಆ ದಪ್ಪ ಅಗುಳನ್ನು ನೋಡಿ ಗಂಡಸರು ಇದು ಬೆಂದಿಲ್ಲ ಎನ್ನುತ್ತಾರೆ, ಹೆಂಗಸರು ಬೆಂದದ್ದೇ ಹೆಚ್ಚಾಯಿತು ಎನ್ನುತ್ತಾರೆ. ಸಾರಿಗೆ ಬೆಲ್ಲ, ಪಲ್ಯಕ್ಕೆ ತೆಂಗಿನಕಾಯಿ, ಚಟ್ನಿಗೂ ತೆಂಗಿನಕಾಯಿ. ಖಾರ ಎಲ್ಲಿ ಎಂಬ ಪ್ರಶ್ನೆಗೆ ರಂಜಕದ ಡಬ್ಬಿಯೇ ಉತ್ತರ. ಮುರುಗಲ ಹುಳಿಯ ಸಾರು ಮಾತ್ರ ಯಾವ ವಾದವೂ ಇಲ್ಲದೆ ಎರಡನೆಯ ಸಲ ಬಡಿಸಿಕೊಳ್ಳುತ್ತದೆ. ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ನೆಂಟರು ಇದನ್ನು ಓದಿಲ್ಲವಾದರೂ ಬುಟ್ಟಿ ಖಾಲಿಯಾಗುವ ವೇಗ ನೋಡಿದರೆ ಓದಿದವರಂತೆಯೇ ತೋರುತ್ತದೆ.

ಮೀನಿನ ಪ್ರಶ್ನೆ ನಾಜೂಕಿನದು. ಬೆಳಗಾದರೆ ಬಂಗಡೆ, ತಾರ್ಲೆಗಳ ಬುಟ್ಟಿ ಹೊತ್ತ ಹೆಂಗಸು ಬೇಲಿಯಾಚೆ ಕೂಗುತ್ತಾಳೆ. ಲಿಂಗ ಕಟ್ಟಿದ ಮನೆತನದ ಅಜ್ಜಿ ಮೂಗಿಗೆ ಸೆರಗು ಹಿಡಿದರೂ ಬುಟ್ಟಿಯೊಳಗೆ ಏನಿದೆ, ಎಷ್ಟಕ್ಕೆ ಮಾರುತ್ತಾಳೆ ಎಂದು ತಿಳಿಯದೆ ಒಳಗೆ ಬರುವುದಿಲ್ಲ. ವ್ಯಾಪಾರ ಬೇರೆ, ವ್ರತ ಬೇರೆ.

ಇನ್ನು ಸಮುದ್ರ. ಹೊಳೆದಂಡೆಯವರು ನೀರಿಗೆ ಹೊಸಬರಲ್ಲ. ಆ ಆತ್ಮವಿಶ್ವಾಸವೇ ಇಲ್ಲಿ ಅವರಿಗೆ ಮುಳುವು. ಹೊಳೆಯ ನೀರು ಒಂದೇ ಕಡೆಗೆ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ಇಲ್ಲಿಯದು ಹೋಗಿ ಬರುತ್ತದೆ, ಬರುವಾಗ ಮೊಣಕಾಲಿಗೆ ಹೊಡೆಯುತ್ತದೆ. ಹಿರಿಯರು ಮೊದಲು ನಾಣ್ಯ ಎಸೆದು, ಬೊಗಸೆ ನೀರನ್ನು ತೀರ್ಥವೆಂದು ಬಾಯಿಗೆ ಹಾಕಿಕೊಳ್ಳುತ್ತಾರೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ನೀರನ್ನು ಭಕ್ತಿಯಿಂದ ನುಂಗುವುದು ಸುಲಭವಲ್ಲ. ಉಗುಳುವುದು ಅದಕ್ಕಿಂತ ಕಷ್ಟ. ತಂದ ಸಾಬೂನಿನಿಂದ ಸೀರೆಯೊಂದನ್ನು ಒಗೆದುಬಿಡೋಣವೆಂದು ಕೂತವರಿಗೆ ನೊರೆ ಬರುವುದಿಲ್ಲ. ಕಡಲ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನು ಹಿಡಿದು ಗಸಿ ಮಾಡುತ್ತವೆ. ಸಾಬೂನು ಅರ್ಧ ಸವೆದ ಮೇಲೆ ಅದನ್ನು ಮಾರಿದ ಅಂಗಡಿಯವನ ಮೇಲೆ ಸಂಶಯ ಹುಟ್ಟುತ್ತದೆ. ಉಬ್ಬರ ಸುಮಾರು ಆರು ತಾಸಿನಲ್ಲಿ ಇಳಿದು ಇಳಿತವಾಗುತ್ತದೆ, ಮತ್ತೆ ಏರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಏರು ಹೆಚ್ಚು. ಇದನ್ನು ಮಾಸ್ತರ ಪಾಠದ ಧಾಟಿಯಲ್ಲಿ ವಿವರಿಸುತ್ತಿರುವಾಗಲೇ ಒಣಮರಳಿನ ಮೇಲೆ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳು ಉದಾಹರಣೆಯಾಗಿ ತೇಲಿಹೋಗುತ್ತವೆ.

ಇಷ್ಟಾದ ಮೇಲೆ ಒಕ್ಕಲಿಗ ಕಾಕಾ ಮರಳ ಮೇಲೆ ಕೂತು ಕಡಲನ್ನು ದೀರ್ಘವಾಗಿ ನೋಡುತ್ತಾನೆ. ಕವಿಗಳು ಇಂಥ ಹೊತ್ತಿನಲ್ಲಿ ಅನಂತವನ್ನು ಕಾಣುತ್ತಾರೆ. ಕಾಲುವೆಗೆ ನೀರು ಯಾವಾಗ ಬಿಡುತ್ತಾರೆಂದು ಅರ್ಧ ಆಯುಷ್ಯ ಕಾದವನು ಕಾಣುವುದು ಬೇರೆ: “ಇಷ್ಟ ನೀರು! ಒಂದ್ ಎಕರೆ ಜ್ವಾಳಕ್ಕೂ ಬರೂದಿಲ್ಲಂದ್ರ ಏನ್ ಮಾಡೂದ್ರಿ?”

ಅವನನ್ನು ಒಲಿಸಿಕೊಳ್ಳುವುದು ಗೋಕರ್ಣದ ಬೀಚುಗಳಿಂದಲೂ ಆಗದು, ಮುರ್ಡೇಶ್ವರದ 123 ಅಡಿ ಶಿವನಿಂದಲೂ ಪೂರ್ತಿ ಆಗದು. ಆಗುವುದು ಗೋಕರ್ಣದ ಬದಿಯ ಸಾಣಿಕಟ್ಟೆಯಲ್ಲಿ. ಅಲ್ಲಿ ಬದು ಇದೆ, ಮಡಿ ಇದೆ, ಕಾಲುವೆ ಇದೆ, ಹಾರೆ ಹಿಡಿದ ಆಳುಗಳಿದ್ದಾರೆ. ಬೆಳೆ ಮಾತ್ರ ಉಪ್ಪು. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಮಡಿಯಿಂದ ಮಡಿಗೆ ಸಾಗಿಸಿ, ಬಿಸಿಲಿಗೆ ಹರಳುಗಟ್ಟಿಸಿ, ಬಳಿದು ರಾಶಿ ಹಾಕುತ್ತಾರೆ. ಕಾಕಾನ ಮೈಯಲ್ಲಿ ಚೈತನ್ಯ ಬರುತ್ತದೆ. ಚೀಲಕ್ಕೆ ಏನು ದರ, ಆಳಿಗೆ ಏನು ಕೂಲಿ, ನೀರು ಎಷ್ಟು ದಿನ ನಿಲ್ಲಬೇಕು ಎಂದು ವಿಚಾರಣೆ ನಡೆಯುತ್ತದೆ. ಗೊಬ್ಬರ ಬೇಡ, ಕಳೆ ಇಲ್ಲ, ಹಂದಿ ಕಾಟವಿಲ್ಲ. ಒಂದು ಅಕಾಲ ಮಳೆ ಬಿದ್ದರೆ ಮಾತ್ರ ಬೆಳೆಯೆಲ್ಲ ಕರಗಿ ನೀರು. ಮಳೆ ಬರಲೆಂದು ದೇವರಿಗೆ ಹರಕೆ ಹೊರುವ ಒಕ್ಕಲಿಗ, ಮಳೆ ಬಾರದಿರಲೆಂದು ಹರಕೆ ಹೊರುವ ಒಕ್ಕಲನ್ನು ಮೊದಲ ಸಲ ಕಂಡು, ದೇವರ ಕಷ್ಟವೇನೆಂದು ಅಷ್ಟಿಷ್ಟು ಊಹಿಸುತ್ತಾನೆ.

ಅಘನಾಶಿನಿ ಮುಖದ ಗಜನಿ ಭೂಮಿಯದು ಇದಕ್ಕಿಂತ ದೊಡ್ಡ ಪವಾಡ. ಮಾಣಿಕಟ್ಟೆಯ ಕಡೆ ಹೊಳೆಯ ಉಪ್ಪುನೀರು ನುಗ್ಗುವ ಬಯಲಿಗೆ ಒಡ್ಡು ಕಟ್ಟಿ, ಹಲಗೆಯ ಬಾಗಿಲು ಇಟ್ಟು, ಮುಂಗಾರಿನ ಸಿಹಿನೀರು ನೆಲವನ್ನು ತೊಳೆದ ಮೇಲೆ ಕಗ್ಗ ಎಂಬ ಭತ್ತ ಬಿತ್ತುತ್ತಾರೆ. ಅದು ಉಪ್ಪನ್ನೂ ತಾಳುತ್ತದೆ, ಕೆಲವು ದಿನ ಮುಳುಗಿದ್ದರೂ ಏಳುತ್ತದೆ. ಕೊಯ್ಲು ಮುಗಿಯಿತೆಂದರೆ ಬಾಗಿಲು ತೆರೆದು ಕಡಲನ್ನು ಒಳಗೆ ಕರೆಯುತ್ತಾರೆ. ಅದರ ಬೆನ್ನಿಗೆ ಮೀನು, ಸಿಗಡಿ ಬರುತ್ತವೆ. ಮೇ ತಿಂಗಳಲ್ಲಿ ಭತ್ತದ ಒಂದು ಗಿಡವೂ ಕಾಣದು, ಎಲ್ಲವನ್ನೂ ಮಾತಿನಲ್ಲಿಯೇ ನೋಡಬೇಕು. ಕಾಕಾ ನೋಡುತ್ತಾನೆ. ತಮ್ಮೂರ ಕಡೆ ಗೇಟು ನೀರನ್ನು ನಿಲ್ಲಿಸಿಕೊಳ್ಳಲು, ಇಲ್ಲಿ ಗೇಟು ನೀರನ್ನು ಹೊರಗಿಡಲು ಎಂಬುದು ಅವನಿಗೆ ರಾತ್ರಿ ಊಟದವರೆಗೂ ಮಾತಿನ ಸಾಮಗ್ರಿ.

ಆರಾಮದ ಹಂಚಿಕೆ ಮನೆಯೊಳಗೆ ಸಮನಾಗಿರುವುದಿಲ್ಲ. ಗಂಡಸರ ಆರಾಮ ಜಗಲಿಯ ಮೇಲಿನ ಮಧ್ಯಾಹ್ನದ ನಿದ್ದೆ. ತೆಂಗಿನ ಮರದ ಕೆಳಗೆ ಮಾತ್ರ ಮಲಗಕೂಡದೆಂದು ಮೊದಲ ದಿನವೇ ಅವರಿಗೆ ತಿಳಿಹೇಳಲಾಗುತ್ತದೆ. ಹೆಂಗಸರ ಆರಾಮ ಹಿತ್ತಿಲ ಬಾವಿ. ಕೈಯಳತೆಯಲ್ಲಿ ಸಿಹಿನೀರು ಸಿಗುವ ಬಾವಿಯನ್ನು ಕಂಡು ಅವರು ಬೇಡದ ಬಟ್ಟೆಯನ್ನೂ ಒಗೆಯುತ್ತಾರೆ. ಮಕ್ಕಳ ಆರಾಮಕ್ಕೆ ವಿವರಣೆ ಬೇಡ. ಮಾಸ್ತರನ ಹೆಂಡತಿಯ ಆರಾಮ ಜೂನ್ ತಿಂಗಳಲ್ಲಿ ಬರುತ್ತದೆ.

ಐದಾರು ದಿನ ಕಳೆದರೆ ಕಾಲು ಕೆರೆಯತೊಡಗುತ್ತದೆ. ಎಮ್ಮೆ ಎಷ್ಟು ಹಾಲು ಕೊಟ್ಟಿತು, ಪಂಪ್‌ಸೆಟ್ಟಿಗೆ ಕರೆಂಟು ಎಷ್ಟೊತ್ತಿಗೆ ಬಂತು ಎಂದು ಫೋನು ಹಗಲಿಗೆ ಹತ್ತು ಸಲ ಸಿಂಗಟಾಲೂರಿಗೆ ಹೋಗುತ್ತದೆ. ಹೊರಡುವುದಕ್ಕೂ ಕ್ರಮವುಂಟು. “ನಾಳಿ ಹೊಂಡತೇವವಾ” ಎಂಬ ಮಾತನ್ನು ಬಂದ ಮರುದಿನದಿಂದಲೇ ಆಡುತ್ತಿರಬೇಕು. “ಇರ್ರಿ ಅತ್ತಿ, ಇನ್ನೊಂದ್ ನಾಕ್ ದಿನ” ಎಂದು ಮನೆಯವಳು ಪ್ರತಿ ಸಲವೂ ಅನ್ನಬೇಕು. ಯಾವ ಸಲದ ಮಾತು ನಿಜವೆಂಬುದು ಎರಡೂ ಕಡೆಯವರಿಗೆ ಗೊತ್ತಿರುತ್ತದೆ. ಒಂದು ದಿನ ಆಚೀಚೆ ಆದರೆ ಯಾರೂ ತೋರಿಸಿಕೊಳ್ಳುವುದಿಲ್ಲ. ಹೊರಡುವ ಮುಂಜಾನೆ ಮುತ್ತೈದೆಯರಿಗೆ ಉಡಿ ತುಂಬುತ್ತಾರೆ. ಊರಲ್ಲಿ ದುಡ್ಡು ಕೊಟ್ಟು ತರುವ ತೆಂಗಿನಕಾಯಿ ಇಲ್ಲಿ ಹಿತ್ತಿಲಲ್ಲೇ ಬಿದ್ದಿರುವುದರಿಂದ ಉಡಿ ಚೀಲವಾಗುತ್ತದೆ.

ಮರಳುವ ಸಾಮಾನಿನಲ್ಲಿ ತೆಂಗಿನಕಾಯಿ, ಹಲಸಿನ ಹಪ್ಪಳ, ಒಣಗಿಸಿದ ಮುರುಗಲು ಸಹಜವಾಗಿಯೇ ಇರುತ್ತವೆ. ಸಹಜವಲ್ಲದ್ದು ಉಳ್ಳಾಗಡ್ಡಿ. ಕುಮಟೆಯ ಸಿಹಿ ಉಳ್ಳಾಗಡ್ಡಿಯನ್ನು ಹೆಣೆದು ಗೊಂಚಲು ಮಾಡಿ ಹೆದ್ದಾರಿಯ ಬದಿಗೆ ತೂಗುಹಾಕಿ ಮಾರುತ್ತಾರೆ. ಗದಗ ಜಿಲ್ಲೆಯೇ ಉಳ್ಳಾಗಡ್ಡಿಯ ನಾಡು. ದರ ಬಿದ್ದ ವರ್ಷ ಕಿತ್ತ ಕೂಲಿಯೂ ಹುಟ್ಟದೆ ಹೊಲದಲ್ಲೇ ಬಿಟ್ಟು ಬಂದವರು ಈ ಬಸ್ಸಿನಲ್ಲೇ ಇದ್ದಾರೆ. ಕಾಕಾ ಗೊಂಚಲನ್ನು ತಿರುಗಿಸಿ ನೋಡುತ್ತಾನೆ: “ನಾವು ಚೀಲದಾಗ ತುಂಬಿ ಒಯ್ದ್ರೂ ಕೇಳೂದಿಲ್ಲ. ಇಲ್ಲಿ ನೋಡ್ರಿ, ಮದಲಗಿತ್ತಿಗತೆ ಹೆರಳ ಹಾಕಿ ಕುಂಡ್ರಿಸ್ಯಾರ.” ಹೀಗೆಂದು ಎರಡು ಗೊಂಚಲು ಕೊಂಡು ಉಳ್ಳಾಗಡ್ಡಿಯ ಜಿಲ್ಲೆಗೆ ಉಳ್ಳಾಗಡ್ಡಿ ಒಯ್ಯುತ್ತಾನೆ.

ಎದುರು ಭೇಟಿ ದಸರೆಯ ಸೂಟಿಯಲ್ಲಿ. ಮಾಸ್ತರನ ಮಕ್ಕಳು ಈಗ “ಅಜ್ಜಿ, ಹೊಳೆಗೆ ಹೋಗ್ವಾ” ಎಂದು ಕುಮಟೆಯ ಕನ್ನಡದಲ್ಲಿ ಕರೆಯುತ್ತಾರೆ, ರೊಟ್ಟಿಯ ಜೊತೆ ಗಂಜಿ ಕೇಳುತ್ತಾರೆ. ಅಜ್ಜಿ ವೀರಭದ್ರನಿಗೆ ಎಣ್ಣೆದೀಪ ಬೆಳಗಿಸಿ ಮಗನಿಗೆ ಲಗೂನೆ ವರ್ಗಾವಣೆ ಆಗಲೆಂದು ಬೇಡಿಕೊಳ್ಳುತ್ತಾಳೆ. ಅದೇ ಗುಡಿಯಲ್ಲಿ, ಅದೇ ಹೊತ್ತಿಗೆ, ಇನ್ನೂ ಸಮುದ್ರ ನೋಡದ ಬೀಗರು ಸದ್ಯಕ್ಕೆ ಬೇಡವೆಂದು ಕೈಮುಗಿದಿರುತ್ತಾರೆ. ಒಂದಿಲ್ಲೊಂದು ವರ್ಷ ಆದೇಶ ಬಂದೇ ಬರುತ್ತದೆ. ಮಾಸ್ತರ ಗದಗಿನ ಕಡೆಗೆ ಬರುತ್ತಾನೆ, ಬಳಗಕ್ಕೆ ಸಿಹಿ ಹಂಚುತ್ತಾನೆ. ಬೀಗರು ಬಾಯಿ ಸಿಹಿ ಮಾಡಿಕೊಂಡು, ಕಾರವಾರದ ಸೀಬರ್ಡ್ ನೌಕಾನೆಲೆಯಲ್ಲಾಗಲಿ ಕೈಗಾ ಅಣುಸ್ಥಾವರದಲ್ಲಾಗಲಿ ನಮ್ಮವರು ಯಾರಾದರೂ ನೌಕರಿಗೆ ಇದ್ದಾರೆಯೇ ಎಂದು ವಿಚಾರಿಸಲು ಶುರು ಮಾಡುತ್ತಾರೆ.